ಬೈಕ್ ರೇಸರ್ ಅನ್ನೋದೂ ಒಂದು ಕೆಲಸಾನಾ?

ವಿಜಯನಗರದಲ್ಲಿ ನಮ್ಮ ಮನೆ ಮಹಡಿ ಮೇಲೆ ಇರುವ ಅಕ್ಕನ ಮಗನಿಗೆ 11 ವರ್ಷ. 2025ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಮೊಟೆಗಿಯಲ್ಲಿ ಸ್ಪೇನಿನ ಬೈಕ್ ರೇಸರ್ ಮಾರ್ಕ್ ಮಾರ್ಕೆಜ್ ಮತ್ತೆ ವಿಶ್ವ ಚಾಂಪಿಯನ್ ಆದ ಭಾನುವಾರದಿಂದ ಆ ಹುಡುಗನ ಬಾಯಲ್ಲಿ ಬೇರೆ ಮಾತೇ ಇಲ್ಲ. ನಾನೂ ರೇಸರ್ ಆಗ್ತೀನಿ ಅಂತ ಒಂದೇ ಹಟ. ಅಕ್ಕನಿಗೆ ರೇಸ್ ಅಂದರೆ ಗೊತ್ತಿರುವುದು ರಾತ್ರಿ ಹನ್ನೊಂದರ ಮೇಲೆ ನಮ್ಮ ಬೀದಿಯಲ್ಲಿ ಸೈಲೆನ್ಸರ್ ಕಿತ್ತ ಬೈಕಲ್ಲಿ ವೀಲಿ ಮಾಡುವ ಹುಡುಗರು ಮಾತ್ರ. ಒಂದು ಸಂಜೆ ಕಾಫಿ ಲೋಟ ಹಿಡಿದುಕೊಂಡೇ ಕೆಳಗೆ ಬಂದು ಕೇಳಿದರು: "ಅಲ್ಲಪ್ಪಾ, ಇದೂ ಒಂದು ಕೆಲಸಾನಾ? ಸಂಬಳ ಬರುತ್ತಾ? ಎಷ್ಟು ವಯಸ್ಸಿನವರೆಗೆ ಮಾಡ್ತಾರೆ?"

ಮೂರೂ ಒಳ್ಳೆಯ ಪ್ರಶ್ನೆಗಳು. ಅವತ್ತು ಅರ್ಧ ಗಂಟೆ ಮಾತಾಡಿದೆವು, ಆದರೂ ಅರ್ಧದಷ್ಟೂ ಹೇಳಿ ಮುಗಿಸಲು ಆಗಲಿಲ್ಲ. ಇಂಥ ಹಟದ ಮಕ್ಕಳು ಬೆಂಗಳೂರಿನಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿ ಇದ್ದಾರೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ರೋಡ್ ರೇಸಿಂಗ್ ಅಂದರೆ ನಮ್ಮ ರೋಡ್ ಅಲ್ಲ

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಬೈಕ್ ರೇಸಿಂಗ್ ಜಗತ್ತಿನಲ್ಲಿ 'ರೋಡ್ ರೇಸಿಂಗ್' ಅಂದರೆ ಡಾಂಬರು ಹಾಕಿದ, ಸುತ್ತಲೂ ಬೇಲಿ ಇರುವ, ರೇಸಿಗೆಂದೇ ಕಟ್ಟಿದ ಟ್ರ್ಯಾಕಿನಲ್ಲಿ ನಡೆಯುವ ರೇಸ್. ಎದುರಿನಿಂದ ಗಾಡಿ ಬರುವುದಿಲ್ಲ, ನಾಯಿ ಅಡ್ಡ ಬರುವುದಿಲ್ಲ, ಪ್ರತಿ ತಿರುವಿನಲ್ಲೂ ಬಾವುಟ ಹಿಡಿದವರು ನಿಂತಿರುತ್ತಾರೆ, ಆಂಬುಲೆನ್ಸ್ ಇಲ್ಲದೆ ರೇಸ್ ಶುರುವೇ ಆಗುವುದಿಲ್ಲ. ಮಣ್ಣಿನ ದಿಬ್ಬ ಹಾರಿಸುವುದು ಮೋಟೋಕ್ರಾಸ್. ಮರುಭೂಮಿಯಲ್ಲಿ ದಿನಗಟ್ಟಲೆ ದಾರಿ ಹುಡುಕಿಕೊಂಡು ಹೋಗುವುದು ರ‍್ಯಾಲಿ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಅನ್ನುವ ಪಂದ್ಯ ಮುಗಿಸಿದ ಮೊದಲ ಭಾರತೀಯ ಆದರಲ್ಲ, ಅದು ರ‍್ಯಾಲಿ. ಇವೆಲ್ಲ ಬೇರೆ ಬೇರೆ ವಿದ್ಯೆ.

ನಿಜವಾದ ಊರಿನ ರಸ್ತೆ ಮುಚ್ಚಿ ನಡೆಸುವ ರೇಸ್ ಇಲ್ಲವೇ ಇಲ್ಲ ಅಂತಲ್ಲ. ಐಲ್ ಆಫ್ ಮ್ಯಾನ್ ಅನ್ನುವ ಪುಟ್ಟ ದ್ವೀಪದಲ್ಲಿ 1907ರಿಂದ ಟಿಟಿ ಅನ್ನುವ ಬೈಕ್ ರೇಸ್ ನಡೆಯುತ್ತಿದೆ. ಈಗಿನ ಸುತ್ತು ಸುಮಾರು 60 ಕಿಲೋಮೀಟರ್. ಮನೆ ಕಾಂಪೌಂಡ್, ಕಲ್ಲಿನ ಗೋಡೆ, ದೀಪದ ಕಂಬಗಳ ಪಕ್ಕದಲ್ಲೇ ಹೋಗುತ್ತಾರೆ, ಅದೂ ಸರಾಸರಿ ಗಂಟೆಗೆ 219 ಕಿಮೀ ವೇಗದ ದಾಖಲೆ ಇದೆ. ಅಪಾಯ ಜಾಸ್ತಿ ಅನ್ನುವ ಕಾರಣಕ್ಕೆ 1976ರ ನಂತರ ಅದು ವಿಶ್ವ ಚಾಂಪಿಯನ್‌ಶಿಪ್‌ನಿಂದ ಹೊರಗೆ ಹೋಯಿತು.

ಇನ್ನು ನಮ್ಮ ನೈಸ್ ರಸ್ತೆಯಲ್ಲೋ ಏರ್‌ಪೋರ್ಟ್ ರಸ್ತೆಯಲ್ಲೋ ಸ್ನೇಹಿತನ ಜೊತೆ ಪಂದ್ಯ ಕಟ್ಟಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ 3 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಓಡಿಸಿದ್ದು 18 ತುಂಬದ ಮಗು ಆಗಿದ್ದರೆ 199ಎ ಪ್ರಕಾರ ತಂದೆ ತಾಯಿ ಅಥವಾ ಗಾಡಿ ಮಾಲೀಕರೇ 25,000 ರೂಪಾಯಿ ದಂಡ ಕಟ್ಟಬೇಕು, 3 ವರ್ಷದವರೆಗೆ ಜೈಲೂ ಆಗಬಹುದು. ಅದೇ ಮಗು ಟ್ರ್ಯಾಕಿನ ಬೇಲಿ ಒಳಗೆ, ರೇಸಿಂಗ್ ಲೈಸೆನ್ಸ್ ಇಟ್ಟುಕೊಂಡು ಓಡಿಸಿದರೆ ಅದು ಕ್ರೀಡೆ. ಅಕ್ಕನಿಗೆ ನಾನು ಮೊದಲು ಹೇಳಿದ್ದೇ ಇದು.

ಮೆಟ್ಟಿಲುಗಳು

ತುದಿಯಲ್ಲಿ ಇರುವುದು ಮೋಟೋಜಿಪಿ. 1949ರಲ್ಲಿ ಶುರುವಾದ ವಿಶ್ವ ಚಾಂಪಿಯನ್‌ಶಿಪ್‌ನ ಅತಿ ದೊಡ್ಡ ತರಗತಿ. ಅದರ ಕೆಳಗೆ ಮೋಟೋ2, ಅದಕ್ಕೂ ಕೆಳಗೆ ಮೋಟೋ3. ಪಿಯುಸಿ, ಡಿಗ್ರಿ, ಆಮೇಲೆ ಮಾಸ್ಟರ್ಸ್ ಅಂದುಕೊಳ್ಳಿ. ಮೋಟೋ3ಯಲ್ಲಿ 250 ಸಿಸಿಯ ಒಂದೇ ಸಿಲಿಂಡರ್, ಸುಮಾರು 60 ಕುದುರೆ ಶಕ್ತಿ. ಮೋಟೋ2ರಲ್ಲಿ ಎಲ್ಲರಿಗೂ ಒಂದೇ ಎಂಜಿನ್, ಟ್ರಯಂಫ್ ಕಂಪನಿಯ 765 ಸಿಸಿ. ಮೋಟೋಜಿಪಿಯಲ್ಲಿ 1000 ಸಿಸಿ, ಹತ್ತಿರ ಹತ್ತಿರ 300 ಕುದುರೆ ಶಕ್ತಿ, ಗಾಡಿಯ ತೂಕ ಮಾತ್ರ 157 ಕೆಜಿ. ನಾವು ಆಫೀಸಿಗೆ ಓಡಿಸುವ 110 ಸಿಸಿ ಗಾಡಿಗೆ ಇರುವುದು ಎಂಟೊಂಬತ್ತು ಕುದುರೆ ಶಕ್ತಿ. 2023ರಲ್ಲಿ ಇಟಲಿಯ ಮುಜೆಲ್ಲೋದಲ್ಲಿ ಬ್ರಾಡ್ ಬೈಂಡರ್ ಮುಟ್ಟಿದ ವೇಗ ಗಂಟೆಗೆ 366.1 ಕಿಮೀ.

ಮೋಟೋಜಿಪಿ ಗಾಡಿಗಳು ಶೋರೂಮಿನಲ್ಲಿ ಸಿಗುವುದಿಲ್ಲ. ರೇಸಿಗೆಂದೇ ತಯಾರಿಸಿದವು. ಶೋರೂಮ್ ಬೈಕನ್ನೇ ತಿದ್ದಿ ತೀಡಿ ಓಡಿಸುವ ಇನ್ನೊಂದು ವಿಶ್ವ ಚಾಂಪಿಯನ್‌ಶಿಪ್ ಇದೆ, ಸೂಪರ್‌ಬೈಕ್, 1988ರಿಂದ. ಅದೂ ಒಳ್ಳೆಯ ಕೆರಿಯರ್‌ಗೆ ದಾರಿಯೇ.

ಈಗ ನೆನಪಿಡಬೇಕಾದ ಒಂದು ಅಂಕಿ. 2025ರಲ್ಲಿ ಮೋಟೋಜಿಪಿಯಲ್ಲಿ ಇದ್ದದ್ದು 11 ಟೀಮ್, ಟೀಮಿಗೆ ಇಬ್ಬರು. ಅಂದರೆ ಇಡೀ ಭೂಮಿಗೆ 22 ಸೀಟು. ನಮ್ಮಲ್ಲಿ ಮೆಡಿಕಲ್ ಸೀಟು ಸಿಗುವುದು ಎಷ್ಟು ಕಷ್ಟ ಅಂತ ಗೊತ್ತಲ್ಲ, ಅಲ್ಲಿ ಪ್ರತಿ ವರ್ಷ ಸಾವಿರಾರು ಹೊಸ ಸೀಟು ತೆರೆಯುತ್ತವೆ. ಇಲ್ಲಿ ಯಾರಾದರೂ ಎದ್ದು ಹೋದರೆ ಮಾತ್ರ ಒಂದು ಖಾಲಿ. ರೇಸರ್‌ನ ಇಡೀ ಬದುಕನ್ನು ಅರ್ಥ ಮಾಡಿಕೊಳ್ಳಲು ನನ್ನ ಪ್ರಕಾರ ವೇಗಕ್ಕಿಂತ ಈ ಸೀಟಿನ ಲೆಕ್ಕವೇ ಮುಖ್ಯ. ಸೀಟು ಸಿಗಬೇಕು, ಸಿಕ್ಕಿದ್ದನ್ನು ಉಳಿಸಿಕೊಳ್ಳಬೇಕು. ಒಪ್ಪಂದ ಸಾಮಾನ್ಯವಾಗಿ ಒಂದೋ ಎರಡೋ ವರ್ಷಕ್ಕೆ. ಹಾಗಾಗಿ ಪ್ರತಿ ವರ್ಷವೂ ಸಿಇಟಿ ಬರೆದ ಹಾಗೆ.

ಎಷ್ಟನೇ ವಯಸ್ಸಿಗೆ ಶುರು?

ಸ್ಪೇನ್, ಇಟಲಿಯ ಮಕ್ಕಳು ನಾಲ್ಕೈದು ವರ್ಷಕ್ಕೇ ಪುಟಾಣಿ ಬೈಕ್ ಹತ್ತುತ್ತಾರೆ. ಆಮೇಲೆ ಗೋ ಕಾರ್ಟ್ ಟ್ರ್ಯಾಕಿನಲ್ಲಿ ಓಡಿಸುವ ಮಿನಿಜಿಪಿ. ಸ್ವಲ್ಪ ದೊಡ್ಡವರಾದ ಮೇಲೆ 'ಟ್ಯಾಲೆಂಟ್ ಕಪ್' ಅನ್ನುವ ಪಂದ್ಯಗಳು. ಅಲ್ಲಿ ಎಲ್ಲರಿಗೂ ಒಂದೇ ಥರದ ಗಾಡಿ ಕೊಡುತ್ತಾರೆ, ಯಾರ ಕೈಚಳಕ ಎಷ್ಟು ಅಂತ ನೋಡುತ್ತಾರೆ. ನಮ್ಮ ಖಂಡಕ್ಕೆಂದು ಏಷ್ಯಾ ಟ್ಯಾಲೆಂಟ್ ಕಪ್ 2014ರಲ್ಲಿ ಶುರುವಾಯಿತು. ಅಲ್ಲಿ ಕೊಡುತ್ತಿದ್ದದ್ದು ಹೋಂಡಾದ 250 ಸಿಸಿ ರೇಸ್ ಬೈಕ್.

ಅಂದರೆ ಹದಿನೈದು ಹದಿನಾರಕ್ಕೆ ಬರುವಷ್ಟರಲ್ಲಿ ಅವರಿಗೆ ಹತ್ತು ವರ್ಷದ ಅನುಭವ. ಸಂಗೀತದ ಮನೆಯ ಮಗು ಮಾತು ಕಲಿಯುವ ಮೊದಲೇ ಶ್ರುತಿ ಹಿಡಿಯುತ್ತದಲ್ಲ, ಹಾಗೆ. ಮಾರ್ಕೆಜ್ ಹುಟ್ಟಿದ್ದು 1993ರಲ್ಲಿ. 2008ರಲ್ಲಿ, 15ನೇ ವಯಸ್ಸಿಗೇ ವಿಶ್ವ ಚಾಂಪಿಯನ್‌ಶಿಪ್‌ನ 125 ಸಿಸಿ ರೇಸಿಗೆ (ಈಗಿನ ಮೋಟೋ3 ಜಾಗದಲ್ಲಿ ಆಗ ಇದ್ದ ತರಗತಿ) ಇಳಿದಿದ್ದ. 20ಕ್ಕೆ ಮೋಟೋಜಿಪಿ ಚಾಂಪಿಯನ್.

ಈಗ ಅಷ್ಟು ಬೇಗ ಆಗುವುದಿಲ್ಲ. 2021ರಲ್ಲಿ ಒಂದೇ ವರ್ಷ ಯುರೋಪಿನ ಟ್ರ್ಯಾಕುಗಳಲ್ಲಿ 14, 15, 19 ವರ್ಷದ ಮೂವರು ಹುಡುಗರು ತೀರಿಕೊಂಡರು. ಆಮೇಲೆ ಬೈಕ್ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಂ ವಯಸ್ಸಿನ ಮಿತಿ ಏರಿಸಿತು. 2023ರಿಂದ ಮೋಟೋ3 ಸೇರಲು, ಕೆಲವು ವಿನಾಯಿತಿ ಬಿಟ್ಟರೆ, 18 ತುಂಬಿರಬೇಕು.

ಬೆಂಗಳೂರಿನ ಮಗುವಿಗೆ ದಾರಿ ಎಲ್ಲಿಂದ?

ಇಲ್ಲಿ ಮೊದಲ ತೊಂದರೆ ಜಾಗದ್ದು. ಬೆಂಗಳೂರಿನಲ್ಲಿ ಗೋ ಕಾರ್ಟ್ ಟ್ರ್ಯಾಕುಗಳಿವೆ, ಚಿಕ್ಕ ಗಾಡಿಯಲ್ಲಿ ಕಲಿಯಲು ಅಷ್ಟು ಸಾಕು. ಆದರೆ ದೊಡ್ಡ ಬೈಕ್ ಓಡಿಸುವಂಥ ಪೂರ್ಣ ರೇಸ್ ಟ್ರ್ಯಾಕ್ ಊರಿನಲ್ಲಿ ಇಲ್ಲ. ಮೈಸೂರಿನಲ್ಲಿ 1961ರಲ್ಲೇ ಜಾವಾ ಗಾಡಿ ತಯಾರಿಸಲು ಶುರು ಮಾಡಿದ ನಾಡು ನಮ್ಮದು, ಹಿಂದೆ ಬೆಂಗಳೂರಿನ ಅಗರಂ ಮೈದಾನದಲ್ಲಿ ರೇಸ್ ನೋಡಿದ ಹಿರಿಯರು ಈಗಲೂ ಆ ಕತೆ ಹೇಳುತ್ತಾರೆ. ಟ್ರ್ಯಾಕ್ ಮಾತ್ರ ಪಕ್ಕದ ರಾಜ್ಯದಲ್ಲಿ.

ಒಂದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನಲ್ಲಿ, ಶ್ರೀಪೆರಂಬುದೂರಿನ ಪಕ್ಕ. ಸುತ್ತು 3.7 ಕಿಮೀ. ಇನ್ನೊಂದು ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಸುಮಾರು 2 ಕಿಮೀ. ಮೂರನೆಯದು ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್. 2023ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಮೊದಲ ಸಲ ಮೋಟೋಜಿಪಿ ಬಂದಿದ್ದು ಅಲ್ಲಿಗೇ. ಭಾನುವಾರದ ರೇಸ್ ಗೆದ್ದದ್ದು ಮಾರ್ಕೊ ಬೆಝೆಕ್ಕಿ. 2024ರಲ್ಲೂ 2025ರಲ್ಲೂ ಅದು ಮತ್ತೆ ನಡೆಯಲಿಲ್ಲ.

ಹಾಗಾಗಿ ಬೆಂಗಳೂರಿನ ರೇಸರ್ ಅಂದರೆ ಶುಕ್ರವಾರ ರಾತ್ರಿ ಟಾಟಾ ಏಸ್‌ಗೆ ಬೈಕ್ ಹತ್ತಿಸಿ, ಹಗ್ಗ ಬಿಗಿದು, ಹೊಸೂರು, ಕೃಷ್ಣಗಿರಿ, ವೇಲೂರು ದಾಟಿ ಬೆಳಗಿನ ಜಾವ ಟ್ರ್ಯಾಕ್ ತಲುಪುವವರು. ಸುಮಾರು 300 ಕಿಮೀ. ಸ್ಪೇನಿನ ಹುಡುಗ ಶಾಲೆ ಬಿಟ್ಟ ಮೇಲೆ ಸಂಜೆ ಹೋಗಿ ಮಾಡುವ ಪ್ರಾಕ್ಟೀಸಿಗೆ ಇಲ್ಲಿ ಒಂದು ಪೂರ್ತಿ ವಾರಾಂತ್ಯ ಮತ್ತು ಸಾವಿರಾರು ರೂಪಾಯಿ ಬೇಕು. ನಮ್ಮವರು ಹಿಂದೆ ಉಳಿಯಲು ಧೈರ್ಯ ಕಡಿಮೆ ಇರುವುದು ಕಾರಣ ಅಲ್ಲ. ಓಡಿಸಿದ ಗಂಟೆಗಳು ಕಡಿಮೆ.

ಲೈಸೆನ್ಸ್ ಕೊಡುವುದು ಎಫ್‌ಎಂಎಸ್‌ಸಿಐ, ಅಂದರೆ ಭಾರತದ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟ. ಇದು ಆರ್‌ಟಿಒ ಕೊಡುವ ಡಿಎಲ್ ಅಲ್ಲ. ಟ್ರ್ಯಾಕ್ ತರಬೇತಿ, ವೈದ್ಯರ ಸರ್ಟಿಫಿಕೇಟ್, ಚಿಕ್ಕವರಾದರೆ ತಂದೆ ತಾಯಿ ಒಪ್ಪಿಗೆ ಎಲ್ಲ ಬೇಕು. ಆಮೇಲೆ ಹೆಚ್ಚಿನವರು ಹಿಡಿಯುವ ದಾರಿ 'ಒನ್ ಮೇಕ್' ಪಂದ್ಯಗಳದ್ದು. ಒಂದು ಕಂಪನಿ, ಒಂದೇ ಮಾದರಿಯ ಬೈಕು, ಎಲ್ಲರಿಗೂ. ಹೊಸೂರಿನಲ್ಲಿ ಕಾರ್ಖಾನೆ ಇರುವ ಟಿವಿಎಸ್ 1982ರಿಂದ ರೇಸಿಂಗ್‌ನಲ್ಲಿದೆ, ಅದರ ಅಪಾಚೆ ಬೈಕುಗಳ ಮೇಲೆ ಹೊಸಬರು, ಹೆಣ್ಣುಮಕ್ಕಳು, ಅನುಭವಿಗಳು ಎಲ್ಲರಿಗೂ ಬೇರೆ ಬೇರೆ ರೇಸ್ ಇವೆ. ಹೋಂಡಾ, ರಾಯಲ್ ಎನ್‌ಫೀಲ್ಡ್ ಕೂಡ ಇಂಥವನ್ನು ನಡೆಸಿವೆ. ಆಯ್ಕೆಗೆ ಕರೆದು, ಬೈಕ್ ಕೊಟ್ಟು, ಸುತ್ತಿಗೆ ಎಷ್ಟು ಸಮಯ ತಗೊಂಡರು ಅಂತ ಗಡಿಯಾರ ನೋಡುತ್ತಾರೆ. ವಶೀಲಿ ನಡೆಯದ ಜಾಗ ಅಂದರೆ ಈ ಗಡಿಯಾರ ಒಂದೇ.

ಈ ದಾರಿಯಲ್ಲಿ ಬಂದ ಕನ್ನಡ ನಾಡಿನವರು ಇದ್ದಾರೆ. ಹುಬ್ಬಳ್ಳಿಯ ಅನೀಶ್ ಶೆಟ್ಟಿ ರಾಷ್ಟ್ರಮಟ್ಟದಲ್ಲಿ ಗೆದ್ದವರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಮೊದಲು ಟ್ರ್ಯಾಕ್ ರೇಸಿನಲ್ಲಿ ರಾಷ್ಟ್ರೀಯ ಪ್ರಶಸ್ತಿ ಪಡೆದು, ಆಮೇಲೆ ರ‍್ಯಾಲಿಗೆ ಹೋಗಿ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಆದರೆ ಆ 22 ಸೀಟುಗಳಲ್ಲಿ ಪೂರ್ತಿ ಸೀಸನ್ ಕುಳಿತ ಭಾರತೀಯ ಇದುವರೆಗೂ ಇಲ್ಲ. ಚೆನ್ನೈನ ಶರತ್ ಕುಮಾರ್ 2011ರಲ್ಲಿ 125 ಸಿಸಿ ತರಗತಿಯ ಕೆಲವು ರೇಸುಗಳಲ್ಲಿ ಓಡಿಸಿದರು.

ನಮ್ಮ ದೇಶದ ಬೈಕು ಮಾತ್ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗೆದ್ದಿದೆ. 2016ರಲ್ಲಿ ನೆದರ್ಲೆಂಡ್ಸ್‌ನ ಆಸೆನ್‌ನಲ್ಲಿ ಮಹೀಂದ್ರಾ ಬೈಕು ಮೋಟೋ3 ರೇಸ್ ಗೆದ್ದಿತು. ಓಡಿಸಿದವನು 19 ವರ್ಷದ ಇಟಲಿ ಹುಡುಗ ಫ್ರಾನ್ಸೆಸ್ಕೊ ಬನ್ಯಾಯ. ಅವನೇ 2018ರಲ್ಲಿ ಮೋಟೋ2, 2022 ಮತ್ತು 2023ರಲ್ಲಿ ಮೋಟೋಜಿಪಿ ಚಾಂಪಿಯನ್ ಆದ.

ದುಡ್ಡು ಯಾರು ಕೊಡುತ್ತಾರೆ?

ಅಕ್ಕ ಕೇಳಿದ ಎರಡನೇ ಪ್ರಶ್ನೆ ಇದು. ಉತ್ತರ ಎರಡು ಭಾಗ.

ಮೇಲ್ಮಟ್ಟದಲ್ಲಿ ಟೀಮ್ ಸಂಬಳ ಕೊಡುತ್ತದೆ. ಗೆದ್ದರೆ ಬೋನಸ್ ಬೇರೆ. ಹೆಲ್ಮೆಟ್, ಲೆದರ್ ಸೂಟ್ ಕಂಪನಿಗಳು ತಮ್ಮದನ್ನೇ ಹಾಕಿಕೊಳ್ಳಲಿ ಅಂತ ಹಣ ಕೊಡುತ್ತವೆ. ಸೂಟಿನ ಮೇಲೆ ಅಂಟಿಸಿದ ಪ್ರತಿ ಚೀಟಿಗೂ ಬೆಲೆ ಇದೆ, ಎದೆಯ ಮೇಲಿನದಕ್ಕೆ ಒಂದು, ತೋಳಿನದಕ್ಕೆ ಇನ್ನೊಂದು. ಟೀಮುಗಳಲ್ಲೂ ಎರಡು ಥರ. ಡುಕಾಟಿ, ಹೋಂಡಾ, ಯಮಹಾ, ಕೆಟಿಎಂ, ಅಪ್ರಿಲಿಯಾದಂಥ ಕಂಪನಿಗಳು ತಾವೇ ನಡೆಸುವುದು ಫ್ಯಾಕ್ಟರಿ ಟೀಮ್. ಅವರಿಂದ ಬೈಕ್ ಪಡೆದು ಬೇರೆಯವರು ನಡೆಸುವುದು ಸ್ಯಾಟಲೈಟ್ ಟೀಮ್. ಕಂಪನಿಯ ಸ್ವಂತ ಶೋರೂಮ್ ಮತ್ತು ಡೀಲರ್ ಶೋರೂಮ್ ಇದ್ದ ಹಾಗೆ.

ಕೆಳಮಟ್ಟದಲ್ಲಿ ಕತೆ ಉಲ್ಟಾ. ಅಲ್ಲಿ ರೈಡರೇ ದುಡ್ಡು ತರಬೇಕು. ಯುರೋಪಿನ ಜೂನಿಯರ್ ಪಂದ್ಯಗಳಲ್ಲಿ ಎಷ್ಟೋ ಸೀಟುಗಳು ಹೀಗೇ ತುಂಬುತ್ತವೆ. ನಮ್ಮ ಎಂಜಿನಿಯರಿಂಗ್ ಕಾಲೇಜಿನ ಮ್ಯಾನೇಜ್‌ಮೆಂಟ್ ಕೋಟಾ ಇದೆಯಲ್ಲ, ಅದೇ. ಒಂದು ವ್ಯತ್ಯಾಸ ಏನೆಂದರೆ, ದುಡ್ಡು ಕೊಟ್ಟು ಸೀಟು ತಗೊಂಡರೂ ಗಡಿಯಾರ ಪಾಸು ಮಾಡುವುದಿಲ್ಲ. ಒಂದು ಸೀಸನ್ ಹಿಂದೆ ಬಿದ್ದರೆ ಮುಂದಿನ ಸಲ ಪ್ರಾಯೋಜಕರು ಫೋನ್ ಎತ್ತುವುದಿಲ್ಲ.

ಭಾರತದಲ್ಲಿ ಸಂಬಳ ಪಡೆದು ಓಡಿಸುವವರು ಕಂಪನಿ ಟೀಮುಗಳ ಬೆರಳೆಣಿಕೆಯಷ್ಟು ಜನ. ಉಳಿದವರಿಗೆ ಇನ್ನೊಂದು ಕೆಲಸ ಇರುತ್ತದೆ. ಕೆಲವರು ಗ್ಯಾರೇಜ್ ನಡೆಸುತ್ತಾರೆ, ಕೆಲವರು ತರಬೇತಿ ಕೊಡುತ್ತಾರೆ, ಕೆಲವರು ಕಂಪನಿಗಳಿಗೆ ಹೊಸ ಗಾಡಿ ಓಡಿಸಿ ಪರೀಕ್ಷೆ ಮಾಡಿಕೊಡುತ್ತಾರೆ, ಐಟಿಯಲ್ಲಿದ್ದು ರಜೆ ಹಾಕಿ ಬರುವವರೂ ಇದ್ದಾರೆ. ಖರ್ಚು ಎಲ್ಲಿ ಅಂದರೆ ಟೈರು, ಟ್ರ್ಯಾಕ್ ಬಾಡಿಗೆ, ಎಂಟ್ರಿ ಫೀ, ಓಡಾಟ, ಬಿದ್ದಾಗ ಮುರಿಯುವ ಲಿವರ್, ಹ್ಯಾಂಡಲ್, ಫುಟ್‌ಪೆಗ್. ಬೆಳೆಯುವ ಮಗುವಾದರೆ ಸೂಟೂ ಬೂಟೂ ಪದೇ ಪದೇ ಹೊಸದು.

ಗಾಡಿ ತಯಾರಿ

ಇದನ್ನು ಒಂದು ಗ್ಯಾರೇಜಿನಲ್ಲಿ ಹತ್ತಿರದಿಂದ ನೋಡಿದ್ದೇನೆ. ಹೆಡ್‌ಲೈಟ್, ಕನ್ನಡಿ, ಇಂಡಿಕೇಟರ್, ಸ್ಟ್ಯಾಂಡ್ ಎಲ್ಲ ಬಿಚ್ಚುತ್ತಾರೆ. ಬಿದ್ದಾಗ ಗಾಜು ಚೆಲ್ಲಬಾರದು, ಸ್ಟ್ಯಾಂಡ್ ನೆಲಕ್ಕೆ ಸಿಗಬಾರದು. ಎಂಜಿನ್ ಆಯಿಲ್ ಬೋಲ್ಟಿನ ತಲೆಗೆ ಸಣ್ಣ ತೂತು ಕೊರೆದು, ಸ್ಟೀಲ್ ತಂತಿ ಪೋಣಿಸಿ, ಹುರಿ ಮಾಡಿ ಪಕ್ಕದ ಬೋಲ್ಟಿಗೆ ಕಟ್ಟುತ್ತಾರೆ. ನಡುಕಕ್ಕೆ ಬೋಲ್ಟ್ ಸಡಿಲವಾದರೂ ಕಳಚಿ ಬೀಳುವುದಿಲ್ಲ. ರೇಡಿಯೇಟರಿಗೆ ಕೂಲೆಂಟ್ ಹಾಕುವುದಿಲ್ಲ, ಬರೀ ನೀರು. ಯಾಕೆಂದರೆ ಕೂಲೆಂಟ್ ಚೆಲ್ಲಿದರೆ ಟ್ರ್ಯಾಕು ಸೋಪು ಹಚ್ಚಿದ ನೆಲ ಆಗುತ್ತದೆ. ಇದರಲ್ಲಿ ಹೆಚ್ಚಿನದು ತನಗಾಗಿ ಅಲ್ಲ, ಹಿಂದೆ ಬರುವವನಿಗಾಗಿ. ಒಬ್ಬನ ಒಂದು ಸಡಿಲ ಬೋಲ್ಟಿಗೆ ಇನ್ನೊಬ್ಬ ಬೀಳುತ್ತಾನೆ.

ಒಂದು ವಾರಾಂತ್ಯ, ಒಂದು ತಿರುವು

ಮೋಟೋಜಿಪಿಯಲ್ಲಿ ಶುಕ್ರವಾರ ಪ್ರಾಕ್ಟೀಸ್. ಶನಿವಾರ ಬೆಳಿಗ್ಗೆ ಅರ್ಹತಾ ಸುತ್ತು. ಯಾರ ಸಮಯ ಕಡಿಮೆಯೋ ಅವರು ಮುಂದೆ ನಿಲ್ಲುತ್ತಾರೆ, ಅತಿ ಮುಂದಿನ ಜಾಗಕ್ಕೆ ಪೋಲ್ ಅನ್ನುತ್ತಾರೆ. ಶನಿವಾರ ಮಧ್ಯಾಹ್ನ ಸ್ಪ್ರಿಂಟ್, ಅಂದರೆ ಅರ್ಧ ದೂರದ ರೇಸ್, ಇದು 2023ರಿಂದ. ಭಾನುವಾರ ದೊಡ್ಡ ರೇಸ್, ಸುಮಾರು ಮುಕ್ಕಾಲು ಗಂಟೆ. ಗೆದ್ದರೆ 25 ಅಂಕ, ಎರಡನೆಯವರಿಗೆ 20, ಮೂರನೆಯವರಿಗೆ 16, ಹೀಗೆ ಇಳಿಯುತ್ತಾ 15ನೆಯವರಿಗೆ 1. ಸ್ಪ್ರಿಂಟ್ ಗೆದ್ದರೆ 12. 2025ರಲ್ಲಿ ಇಂಥ 22 ವಾರಾಂತ್ಯಗಳಿದ್ದವು. ವರ್ಷದ ಕೊನೆಗೆ ಎಲ್ಲ ಕೂಡಿಸಿ ಯಾರದ್ದು ಜಾಸ್ತಿಯೋ ಅವರು ಚಾಂಪಿಯನ್.

ಹೊರಗಿನಿಂದ ನೋಡಿದರೆ ಆಕ್ಸಿಲರೇಟರ್ ತಿರುಗಿಸಿಕೊಂಡು ಕೂತಿದ್ದರೆ ಸಾಕು ಅನಿಸುತ್ತದೆ. ಒಂದೇ ಒಂದು ತಿರುವಿನಲ್ಲಿ ಏನಾಗುತ್ತದೆ ನೋಡಿ.

ನೇರ ದಾರಿಯಲ್ಲಿ ಗಂಟೆಗೆ 340 ಕಿಮೀ. ಅಂದರೆ ಸೆಕೆಂಡಿಗೆ 94 ಮೀಟರ್, ನೀವು ಒಂದು ಸಲ ರೆಪ್ಪೆ ಬಡಿಯುವಷ್ಟರಲ್ಲಿ ಎರಡು ಬಿಎಂಟಿಸಿ ಬಸ್ಸಿನ ಉದ್ದ ದಾಟಿರುತ್ತಾರೆ. ತಿರುವು ಬರುವಾಗ 100ಕ್ಕೆ ಇಳಿಸಬೇಕು, ಸುಮಾರು 5 ಸೆಕೆಂಡಿನಲ್ಲಿ. ಮುಂದಿನ ಬ್ರೇಕನ್ನು ಎರಡು ಬೆರಳಲ್ಲಿ ಒತ್ತುತ್ತಾರೆ. ಆಗ 65 ಕೆಜಿಯ ರೈಡರ್ ಮೈ ಒಂದೂವರೆ ಸಿಮೆಂಟ್ ಮೂಟೆಗಿಂತ ಹೆಚ್ಚಿನ ಭಾರದಲ್ಲಿ ಮುಂದಕ್ಕೆ ನುಗ್ಗುತ್ತದೆ. ಅದನ್ನು ತಡೆಯುವುದು ತೋಳು, ಮತ್ತು ಟ್ಯಾಂಕನ್ನು ಗಟ್ಟಿಯಾಗಿ ಒತ್ತಿ ಹಿಡಿದ ತೊಡೆ. ಹಿಂದಿನ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ಆಡುತ್ತಿರುತ್ತದೆ.

ಆಮೇಲೆ ತಿರುವಿನ ಕಡೆಗೆ ಸೀಟಿನಿಂದ ಅರ್ಧ ಮೈ ಹೊರಗೆ. ಬಲಕ್ಕೆ ತಿರುಗಬೇಕಾದರೆ ಬಲಗೈ ಹ್ಯಾಂಡಲನ್ನು ಮುಂದಕ್ಕೆ ತಳ್ಳುತ್ತಾರೆ. ಇದು ತಪ್ಪಲ್ಲ, ವೇಗದಲ್ಲಿ ಯಾವ ದ್ವಿಚಕ್ರ ವಾಹನವೂ ಹೀಗೇ ವಾಲುವುದು, ನೀವೂ ನಿಮ್ಮ ಸ್ಕೂಟರ್‌ನಲ್ಲಿ ಗೊತ್ತಿಲ್ಲದೆಯೇ ಇದನ್ನೇ ಮಾಡುತ್ತೀರಿ. ಬೈಕು 60 ಡಿಗ್ರಿಗಿಂತ ಜಾಸ್ತಿ ವಾಲುತ್ತದೆ. ಮೊಣಕಾಲು ನೆಲ ಮುಟ್ಟುತ್ತದೆ, ಈಗೀಗ ಮೊಣಕೈ ಕೂಡ. ಆ ಹೊತ್ತಿನಲ್ಲಿ ಟೈರು ನೆಲಕ್ಕೆ ತಾಗಿರುವುದು ಅಂಗೈಯಷ್ಟು ಜಾಗದಲ್ಲಿ. ಆ ಟೈರಿಗೆ ನಮ್ಮ ಗಾಡಿಯ ಟೈರಿಗೆ ಇರುವಂಥ ಗೆರೆಗಳಿಲ್ಲ, ನುಣ್ಣಗೆ ಇರುತ್ತದೆ, ಬಿಸಿಯಾದಾಗ ಮಾತ್ರ ಅಂಟುತ್ತದೆ. ಅದಕ್ಕೇ ರೇಸಿಗೆ ಮೊದಲು ಟೈರಿಗೆ ಬಿಸಿ ಕಂಬಳಿ ಹೊದಿಸಿ ಇಡುವುದು.

ತಿರುವಿನ ನಡುವಿನಿಂದ ಆಕ್ಸಿಲರೇಟರ್ ತೆರೆಯುವುದು ಕೂದಲೆಳೆಯ ಲೆಕ್ಕ. ಸ್ವಲ್ಪ ಬೇಗ ತೆರೆದರೆ ಹಿಂದಿನ ಚಕ್ರ ಜಾರುತ್ತದೆ. ತಡವಾದರೆ ಹಿಂದಿನವನು ಪಕ್ಕಕ್ಕೆ ಬರುತ್ತಾನೆ. ಒಂದು ಸುತ್ತಿನಲ್ಲಿ ಇಂಥ ಹದಿನೈದು ತಿರುವು, ರೇಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸುತ್ತು. ಅರ್ಹತಾ ಸುತ್ತಿನಲ್ಲಿ ಮೊದಲನೆಯವನಿಗೂ ಹತ್ತನೆಯವನಿಗೂ ಎಷ್ಟೋ ಸಲ ಒಂದು ಸೆಕೆಂಡಿನ ವ್ಯತ್ಯಾಸವೂ ಇರುವುದಿಲ್ಲ. ಒಂದೊಂದು ತಿರುವಿನಲ್ಲಿ ಸೆಕೆಂಡಿನ ನೂರರಲ್ಲಿ ಐದಾರು ಪಾಲು ತಪ್ಪಿದರೂ ಸಾಕು, ಅಷ್ಟೂ ಹೋಯಿತು.

ಇದಕ್ಕೇ ದೇಹ ಅಷ್ಟು ಗಟ್ಟಿ ಬೇಕು. ಬ್ರೇಕ್ ಹಿಡಿದು ಹಿಡಿದು ಮುಂಗೈ ಸ್ನಾಯು ಊದಿಕೊಂಡು, ಸುತ್ತಲಿನ ಪೊರೆ ಹಿಗ್ಗದೆ, ಬೆರಳು ಮರಗಟ್ಟುವ ತೊಂದರೆ ರೇಸರುಗಳಲ್ಲಿ ತುಂಬಾ ಸಾಮಾನ್ಯ. 'ಆರ್ಮ್ ಪಂಪ್' ಅನ್ನುತ್ತಾರೆ. ಬ್ರೇಕ್ ಒತ್ತಿದ್ದೇನೋ ಇಲ್ಲವೋ ಅಂತ ಬೆರಳಿಗೇ ಗೊತ್ತಾಗುವುದಿಲ್ಲ. ಆ ಪೊರೆ ಸೀಳುವ ಆಪರೇಷನ್ ಮಾಡಿಸಿಕೊಂಡವರು ಬಹಳ ಜನ.

ಬೀಳುವುದು

ಬೀಳುವುದು ಈ ಕೆಲಸದ ಭಾಗ. ಅದರಲ್ಲೂ ಎರಡು ಬಗೆ. ಟೈರು ಹಿಡಿತ ಬಿಟ್ಟು ಬೈಕು ಒಳಗಡೆಗೆ ಜಾರಿ ಮಲಗುವುದು 'ಲೋ ಸೈಡ್'. ರೈಡರ್ ಹಿಂದೆಯೇ ಜಾರಿಕೊಂಡು ಜಲ್ಲಿ ಹಾಸಿನವರೆಗೆ ಹೋಗುತ್ತಾನೆ, ಬಹಳ ಸಲ ಎದ್ದು ನಡೆಯುತ್ತಾನೆ. ಜಾರಿದ ಹಿಂದಿನ ಚಕ್ರ ಥಟ್ಟನೆ ಮತ್ತೆ ಹಿಡಿತ ಪಡೆದರೆ ಬೈಕು ಕುದುರೆ ಕೊಡವಿದ ಹಾಗೆ ರೈಡರನ್ನು ಮೇಲಕ್ಕೆ ಎಸೆಯುತ್ತದೆ. ಅದು 'ಹೈ ಸೈಡ್'. ಕೊರಳ ಹತ್ತಿರದ ಮೂಳೆ, ಮಣಿಕಟ್ಟು, ಭುಜ ಮುರಿಯುವುದು ಹೆಚ್ಚಾಗಿ ಇದರಲ್ಲಿ. 2018ರಿಂದ ಮೋಟೋಜಿಪಿಯಲ್ಲಿ ಸೂಟಿನ ಒಳಗೆ ಏರ್‌ಬ್ಯಾಗ್ ಕಡ್ಡಾಯ. ಸೆನ್ಸರ್‌ಗಳು ಬೀಳುವುದನ್ನು ಕಂಡುಹಿಡಿದು, ಮೈ ನೆಲ ಮುಟ್ಟುವ ಮೊದಲೇ ಅದನ್ನು ಊದಿಸುತ್ತವೆ.

ಆದರೆ ಬಿದ್ದವನ ಮೇಲೆ ಹಿಂದಿನಿಂದ ಬಂದ ಬೈಕು ಹರಿದರೆ ಯಾವ ಸೂಟೂ ಪೂರ್ತಿ ಕಾಯಲಾರದು. 2011ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಸೆಪಾಂಗ್‌ನಲ್ಲಿ ಮೋಟೋಜಿಪಿ ರೇಸರ್ ಮಾರ್ಕೊ ಸಿಮೊನ್ಚೆಲ್ಲಿ ತೀರಿಕೊಂಡಿದ್ದು ಹಾಗೆ. ಚಿಕ್ಕ ಬೈಕುಗಳ ರೇಸಿನಲ್ಲಿ ಈ ಅಪಾಯ ಜಾಸ್ತಿ, ಅದಕ್ಕೆ ಕಾರಣ ಇದೆ. ಹೆದ್ದಾರಿಯಲ್ಲಿ ಲಾರಿಯ ಹಿಂದೆ ಹೋಗುವಾಗ ಎದುರುಗಾಳಿ ಕಡಿಮೆಯಾದಂತೆ ಅನಿಸುತ್ತದೆ ಅಲ್ವಾ? ಹಾಗೆಯೇ ಮುಂದಿನ ಬೈಕಿನ ಮರೆಯಲ್ಲಿ ಹಿಂದಿನ ಬೈಕು ಸುಲಭವಾಗಿ ವೇಗ ಪಡೆಯುತ್ತದೆ. ಎಲ್ಲರದ್ದೂ ಒಂದೇ ಶಕ್ತಿ, ಯಾರೂ ದೂರ ಹೋಗಲಾರರು. ಹತ್ತು ಹದಿನೈದು ಮಕ್ಕಳು ಜೇನುಹುಳುಗಳ ಹಾಗೆ ಒಂದೇ ಗುಂಪಾಗಿ ತಿರುವಿಗೆ ಬರುತ್ತಾರೆ. ಮುಂದೆ ಒಬ್ಬ ಬಿದ್ದರೆ ಹಿಂದಿನವರಿಗೆ ಪಕ್ಕಕ್ಕೆ ಸರಿಯಲು ಜಾಗವೂ ಇಲ್ಲ, ಸಮಯವೂ ಇಲ್ಲ.

ಇದು ದೂರದ ಮಾತಲ್ಲ. 2023ರ ಆಗಸ್ಟ್ 5ರಂದು ಇರುಂಗಾಟ್ಟುಕೋಟೈನಲ್ಲಿ, ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಹೊಸಬರ ರೇಸಿನಲ್ಲಿ, ನಮ್ಮ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ಬಿದ್ದು ಪ್ರಾಣ ಬಿಟ್ಟ. ಆ ಸೀಸನ್‌ನಲ್ಲಿ ಸಾಲಾಗಿ ರೇಸ್ ಗೆದ್ದಿದ್ದವನು, ಎಲ್ಲರೂ ಮುಂದೆ ದೊಡ್ಡ ಹೆಸರು ಮಾಡುತ್ತಾನೆ ಅಂದುಕೊಂಡಿದ್ದ ಮಗು. ಈ ವಿಷಯವನ್ನು ಅಕ್ಕನಿಂದ ಮುಚ್ಚಿಡಬೇಕು ಅಂತ ನನಗೆ ಅನಿಸಲಿಲ್ಲ. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಲೋಟದಲ್ಲಿದ್ದ ಕಾಫಿ ಆರಿಹೋಗಿತ್ತು.

ಎಷ್ಟು ವರ್ಷ ನಡೆಯುತ್ತದೆ?

ಮೂರನೇ ಪ್ರಶ್ನೆ. ಇಟಲಿಯ ರೇಸರ್ ವ್ಯಾಲೆಂಟಿನೊ ರೋಸ್ಸಿ 1996ರಲ್ಲಿ ಶುರು ಮಾಡಿ, 9 ವಿಶ್ವ ಪ್ರಶಸ್ತಿ ಗೆದ್ದು, 2021ರಲ್ಲಿ 42ನೇ ವಯಸ್ಸಿಗೆ ನಿಲ್ಲಿಸಿದ. ಅದು ಅಪರೂಪ. ಮೂವತ್ತು ದಾಟಿ ಕೆಲವೇ ವರ್ಷದಲ್ಲಿ ಹೆಚ್ಚಿನವರದ್ದು ಮುಗಿಯುತ್ತದೆ. ಎಷ್ಟೋ ಜನರದ್ದು ಇಪ್ಪತ್ತೈದಕ್ಕೇ, ಸೀಟು ಸಿಗದೆ.

ಗಾಯ ಹೇಗೆ ಇಡೀ ಕೆರಿಯರನ್ನು ಅಲ್ಲಾಡಿಸುತ್ತದೆ ಅಂತ ನೋಡಬೇಕಾದರೆ ಮಾರ್ಕೆಜ್‌ನನ್ನೇ ತಗೊಳ್ಳಿ. 2019ರ ಹೊತ್ತಿಗೆ ಮೋಟೋಜಿಪಿಯಲ್ಲೇ 6 ಪ್ರಶಸ್ತಿ. 2020ರ ಜುಲೈ 19ರಂದು ಸ್ಪೇನಿನ ಹೆರೆಸ್‌ನಲ್ಲಿ ಬಿದ್ದು ಬಲತೋಳಿನ ಮೂಳೆ ಮುರಿಯಿತು. ಎರಡು ದಿನಕ್ಕೆ ಆಪರೇಷನ್, ಪ್ಲೇಟ್ ಕೂರಿಸಿದರು. ಅದೇ ವಾರದ ಶನಿವಾರ ಮತ್ತೆ ಬೈಕ್ ಹತ್ತಿದ! ನೋವು ತಡೆಯಲಾಗದೆ ಇಳಿದ. ಕೆಲವೇ ದಿನಕ್ಕೆ ಮನೆಯಲ್ಲಿದ್ದಾಗ ಆ ಪ್ಲೇಟೇ ಮುರಿಯಿತು. ಇಡೀ ವರ್ಷ ಹೋಯಿತು. 2022ರೊಳಗೆ ಅದೇ ತೋಳಿಗೆ ನಾಲ್ಕು ಆಪರೇಷನ್. ಕೊನೆಗೆ ಹೋಂಡಾ ಫ್ಯಾಕ್ಟರಿ ಟೀಮನ್ನು ಒಪ್ಪಂದ ಮುಗಿಯುವ ಮೊದಲೇ ಬಿಟ್ಟು, 2024ರಲ್ಲಿ ಗ್ರೆಸಿನಿ ಅನ್ನುವ ಸ್ಯಾಟಲೈಟ್ ಟೀಮ್ ಸೇರಿ, ಹಿಂದಿನ ವರ್ಷದ ಡುಕಾಟಿ ಓಡಿಸಿದ. ಅಲ್ಲಿ 3 ರೇಸ್ ಗೆದ್ದ. ಅದನ್ನು ನೋಡಿ ಡುಕಾಟಿ ಫ್ಯಾಕ್ಟರಿ ಟೀಮ್ ಕರೆಯಿತು, ಬನ್ಯಾಯನ ಪಕ್ಕದ ಸೀಟು. 2025ರ ಸೆಪ್ಟೆಂಬರ್ 28ಕ್ಕೆ ಮೊಟೆಗಿಯಲ್ಲಿ ಚಾಂಪಿಯನ್. ಹಿಂದಿನ ಪ್ರಶಸ್ತಿಗೂ ಇದಕ್ಕೂ ನಡುವೆ 2,184 ದಿನ. ಒಂದು ವಾರ ಕಳೆದ ಮೇಲೆ ಇಂಡೋನೇಷ್ಯಾದಲ್ಲಿ ಇನ್ನೊಬ್ಬನ ಬೈಕು ಗುದ್ದಿ ಮತ್ತೆ ಬಿದ್ದ, ಭುಜಕ್ಕೆ ಪೆಟ್ಟಾಗಿ ಆ ವರ್ಷದ ಉಳಿದ ರೇಸು ತಪ್ಪಿದವು. ಮಹಡಿ ಮೇಲಿನ ಹುಡುಗನಿಗೆ ಗೊತ್ತಿರುವುದು ಮೊಟೆಗಿಯ ಕಣ್ಣೀರು. ಈ 2,184 ದಿನದ ಕತೆಯನ್ನೂ ಅವನಿಗೆ ಹೇಳಿದ್ದೇನೆ.

ನಿಲ್ಲಿಸಿದ ಮೇಲೂ ಕೆಲಸ ಇದೆ. ಕಂಪನಿಗಳಿಗೆ ಟೆಸ್ಟ್ ರೈಡರ್, ಟೀಮ್ ಮ್ಯಾನೇಜರ್, ತರಬೇತಿ ಶಾಲೆ, ಟಿವಿ ವಿವರಣೆ. ರೋಸ್ಸಿ ತನ್ನ ಊರಿನಲ್ಲೇ ಅಕಾಡೆಮಿ ಕಟ್ಟಿದ, ಬನ್ಯಾಯ ಮತ್ತು ಬೆಝೆಕ್ಕಿ ಇಬ್ಬರೂ ಅಲ್ಲಿ ಬೆಳೆದವರು. ನಮ್ಮಲ್ಲೂ ಚೆನ್ನೈನ ರಜಿನಿ ಕೃಷ್ಣನ್ ಥರದ ಅನುಭವಿಗಳು ಶಾಲೆ ನಡೆಸಿದ್ದಾರೆ.

ಹಾಗಾದರೆ ಈಗ ಏನು ಮಾಡುವುದು?

ಅಕ್ಕನ ಕೊನೆಯ ಪ್ರಶ್ನೆ ಇದು. ನಾನು ಹೇಳಿದ್ದು ಇಷ್ಟೇ. ಈಗಲೇ ದೊಡ್ಡ ಬೈಕ್ ಬೇಡ. ಗೇರ್ ಇರುವ ಸೈಕಲ್, ಈಜು, ಓಟ. ಗೋ ಕಾರ್ಟ್ ಟ್ರ್ಯಾಕಿನಲ್ಲಿ ಮಕ್ಕಳಿಗೆಂದೇ ಚಿಕ್ಕ ಬೈಕಿನ ತರಬೇತಿ ನಡೆದಾಗ ಒಂದು ದಿನ ಕರೆದುಕೊಂಡು ಹೋಗಿ. ಸೇರಿಸುವ ಮೊದಲು ತರಬೇತಿ ಕೊಡುವವರಿಗೆ ಎಫ್‌ಎಂಎಸ್‌ಸಿಐ ಮಾನ್ಯತೆ ಇದೆಯಾ, ಟ್ರ್ಯಾಕಿನ ಪಕ್ಕ ಆಂಬುಲೆನ್ಸ್ ನಿಂತಿದೆಯಾ, ಒಂದು ಸಲಕ್ಕೆ ಎಷ್ಟು ಮಕ್ಕಳನ್ನು ಬಿಡುತ್ತಾರೆ, ಬೀಳುವ ಜಾಗದಲ್ಲಿ ಗೋಡೆ ಎಷ್ಟು ದೂರ, ಈ ನಾಲ್ಕು ಕೇಳಿ. ಒಂದು ರೇಸ್ ವಾರಾಂತ್ಯಕ್ಕೆ ಇರುಂಗಾಟ್ಟುಕೋಟೈಗೆ ಕರೆದುಕೊಂಡು ಹೋಗಿ, ಗ್ಯಾಲರಿಯಲ್ಲಿ ಕೂರಿಸುವುದಕ್ಕಿಂತ ಪಿಟ್, ಅಂದರೆ ಬೈಕ್ ಸಿದ್ಧ ಮಾಡುವ ಜಾಗದ ಹತ್ತಿರ ನಿಲ್ಲಿಸಿ. ಬಿದ್ದು ಬಂದ ಬೈಕನ್ನು ಅಣ್ಣಂದಿರು ಹೇಗೆ ರಿಪೇರಿ ಮಾಡುತ್ತಾರೆ ಅಂತ ನೋಡಲಿ.

ಮತ್ತೆ ಹೆಲ್ಮೆಟ್. ಮುಂದೆ ಬೆಳೆಯುತ್ತಾನಲ್ಲ ಅಂತ ಒಂದು ಸೈಜ್ ದೊಡ್ಡದು ತರಬೇಡಿ ಅಂದೆ, ಯೂನಿಫಾರ್ಮ್ ಹೊಲಿಸಿದ ಹಾಗಲ್ಲ ಅದು. ಸಡಿಲ ಇದ್ದರೆ ಬಿದ್ದಾಗ ತಲೆಯಿಂದ ಕಳಚುತ್ತದೆ. ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು, ಹಿಂದೆ ತಲೆಯ ಉಬ್ಬಿನ ಮೇಲೆ ಸುತ್ತಿ ಅಳೆಯಬೇಕು. ಅಕ್ಕ ಮೇಲೆ ಹೋಗಿ ಹೊಲಿಗೆ ಮಿಷನ್ ಡ್ರಾಯರಿನಿಂದ ಬ್ಲೌಸ್ ಅಳೆಯುವ ಟೇಪು ತಂದರು. ಹುಡುಗ ಉಸಿರು ಬಿಗಿಹಿಡಿದು ನೆಟ್ಟಗೆ ನಿಂತ. ಎರಡು ಸಲ ಅಳೆದರು. 53 ಸೆಂಟಿಮೀಟರ್.